ಕಾಟಾದವನ ಕುದುರೆ ಲೆಕ್ಕ

ಹೋದ ವರ್ಷ, 2025ರ ರಾಮನವಮಿಯ ದಿನ ಬೆಳಿಗ್ಗೆ ನಾನು ಮೂರು ಜನಕ್ಕೆ ವಗ್ಗಾಣಿ ಮಿರ್ಚಿ ತಿನ್ನಿಸಬೇಕಾಯಿತು. ಅದಕ್ಕೆ ಕಾರಣ ನಿಕ್ ರಾಕೆಟ್ ಅನ್ನುವ ಒಂದು ಕುದುರೆ. ಅದು ಹಿಂದಿನ ರಾತ್ರಿ ಇಂಗ್ಲೆಂಡಿನ ಲಿವರ್‌ಪೂಲ್ ಹತ್ತಿರ ಓಡಿತ್ತು. ನಾವು ನೋಡಿದ್ದು ರಾಯಚೂರಿನ ಗಂಜ್ ಹತ್ತಿರ, ಕಾಟಾದ ಸಣ್ಣ ಕೋಣೆಯಲ್ಲಿ, ಕರೆಂಟಿಲ್ಲದ ಸೆಕೆಯಲ್ಲಿ, ಒಂದೇ ಮೊಬೈಲಿಗೆ ನಾಲ್ಕು ತಲೆ ಸೇರಿಸಿಕೊಂಡು.

ಕಾಟಾ ಅಂದರೆ ವೇ ಬ್ರಿಡ್ಜ್. ಲಾರಿ ಹತ್ತುತ್ತದೆ, ತುಂಬಿದ ತೂಕ ಬರೆಯುತ್ತೇನೆ. ಇಳಿಸಿ ಬಂದ ಮೇಲೆ ಖಾಲಿ ತೂಕ ಬರೆಯುತ್ತೇನೆ. ಚೀಟಿ ಹರಿದು ಕೊಡುತ್ತೇನೆ. ಹತ್ತಿ, ಭತ್ತ, ತೊಗರಿ, ಮೆಣಸಿನಕಾಯಿ, ಏನು ಬಂದರೂ ಇಷ್ಟೇ. ಇಪ್ಪತ್ತೆರಡು ವರ್ಷ ಆಯಿತು. ದಿನವಿಡೀ ಭಾರ ನೋಡುವವನಿಗೆ ಭಾರ ಹೊರಿಸಿ ಓಡಿಸುವ ಆಟದ ಹುಚ್ಚು ಹಿಡಿದರೆ ತಪ್ಪೇನಿಲ್ಲ, ಅಲ್ವಾ?

ಹುಚ್ಚು ಹಿಡಿಸಿದ್ದು ನನ್ನ ಸೋದರಮಾವ. ಅವರು ಹೈದರಾಬಾದಿನ ಮಲಕ್‌ಪೇಟೆಯಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಂಗಡಿಯಿಂದ ರೇಸ್ ಕೋರ್ಸಿಗೆ ನಡೆದುಕೊಂಡು ಹೋಗಬಹುದು. ಅದೇ ಅವರ ಕಷ್ಟಕ್ಕೆ ಮೂಲ. ರಜೆಯಲ್ಲಿ ನಾನು ಹೋದಾಗ ರೇಸ್ ಪುಸ್ತಕ ಕೈಗಿತ್ತು ಓದಿಸುತ್ತಿದ್ದರು. ಆಗ ಹೇಳಿದ ಒಂದು ಮಾತು ಇನ್ನೂ ಕಿವಿಯಲ್ಲಿದೆ. "ಅಳಿಯಾ, ಯಾವ ಕುದುರಿ ಗೆಲ್ತೈತಿ ಅಂತ ಕೇಳಬ್ಯಾಡ. ಇದಕ್ಕ ಈ ರೇಟ್ ಯಾಕ ಬಂತು ಅಂತ ಕೇಳು."

ಮಾವ ದುಡ್ಡು ಕಳೆದುಕೊಂಡಿದ್ದು ಔಟ್‌ಸೈಡರ್‌ಗಳ, ಅಂದರೆ ಗೆಲ್ಲುತ್ತವೆ ಅಂತ ಯಾರೂ ನಂಬದ ಕುದುರೆಗಳ ಮೇಲಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಫೇವರಿಟ್‌ಗಳ ಮೇಲೆ. ಎಲ್ಲರೂ ಗೆಲ್ಲುತ್ತದೆ ಅನ್ನುವ ಕುದುರೆಗೆ ಚೀಟಿ ದುಡ್ಡು ಹಾಕಿದರು, ಆಮೇಲೆ ಅತ್ತೆಯ ಬಳೆ ಹಾಕಿದರು. ಔಟ್‌ಸೈಡರ್‌ಗೆ ಮಾತ್ರ ಯಾವತ್ತೂ ಹತ್ತೇ ರೂಪಾಯಿ. ಅದಕ್ಕೇ ನಮ್ಮ ಗುಂಪಿನಲ್ಲಿ ದುಡ್ಡಿನ ಮಾತೇ ಇಲ್ಲ. ಕುದುರೆ ರೇಸು ಬುದ್ಧಿಯ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಗೊತ್ತು. ಆದರೆ ಮೊಬೈಲಿನಲ್ಲಿ ಪರದೇಶದ ಬುಕ್ಕಿಗೆ ದುಡ್ಡು ಕಟ್ಟುವುದು ನಮ್ಮಲ್ಲಿ ಕಾನೂನಿಗೆ ವಿರುದ್ಧ. ನಾವು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇವೆ. ತಲೆಗೆ ಮೂರು ಕುದುರೆ. ಮೂರೂ ಒಂದಕ್ಕೆ 25ಕ್ಕಿಂತ ಹೆಚ್ಚಿನ ರೇಟಿನವೇ ಆಗಿರಬೇಕು. ಒಂದಕ್ಕೆ 25 ಅಂದರೆ ಒಂದು ರೂಪಾಯಿ ಹಾಕಿ ಗೆದ್ದರೆ 25 ರೂಪಾಯಿ ಲಾಭ. ಸೋತವರು ನಾಷ್ಟಾ ಕೊಡಿಸಬೇಕು. ಇರುವವರು ನಾನು, ಹಮಾಲರ ಮೇಸ್ತ್ರಿ, ಇಂಜಿನಿಯರಿಂಗ್ ಓದುವ ನನ್ನ ತಂಗಿಯ ಮಗ, ಮತ್ತೆ ಎದುರಿನ ಚಹಾದಂಗಡಿಯ ಅಕ್ಕ.

ರೇಸಿನ ಹೆಸರು ಗ್ರ್ಯಾಂಡ್ ನ್ಯಾಷನಲ್. ಮೈದಾನ ಏನ್‌ಟ್ರೀ. 1839ರಲ್ಲಿ ಗೆದ್ದ ಕುದುರೆಯ ಹೆಸರೇ ಲಾಟರಿ, ಅಲ್ಲಿಗೆ ಅರ್ಥ ಮಾಡಿಕೊಳ್ಳಿ. ಎರಡು ಸುತ್ತು, 30 ಬೇಲಿ, ಸುಮಾರು ಏಳು ಕಿಲೋಮೀಟರ್. ಬೀಚರ್ಸ್ ಬ್ರೂಕ್ ಅನ್ನುವ ಬೇಲಿಯಲ್ಲಿ ಹಾರುವ ಕಡೆಗಿಂತ ಇಳಿಯುವ ಕಡೆ ನೆಲ ತಗ್ಗು. ಕುದುರೆಗೆ ಅದು ಹಾರಿದ ಮೇಲೇ ಗೊತ್ತಾಗುವುದು.

ಇದು ಹ್ಯಾಂಡಿಕ್ಯಾಪ್ ರೇಸು. ನಮ್ಮಲ್ಲಿ ಕಾರ ಹುಣ್ಣಿಮೆ ಹೊತ್ತಿಗೆ ರಾಯಚೂರಲ್ಲಿ ಎತ್ತುಗಳಿಂದ ಕಲ್ಲು ಎಳೆಸುತ್ತಾರಲ್ಲ, ಅದರ ಉಲ್ಟಾ. ಅಲ್ಲಿ ಒಂದು ದಿನ ಒಂದೂವರೆ ಟನ್ ಅಂದರೆ ಬಂದ ಎಲ್ಲ ಜೋಡಿಗೂ ಒಂದೂವರೆ ಟನ್ನೇ. ಗಟ್ಟಿ ಜೋಡಿ ಜಾಸ್ತಿ ದೂರ ಎಳೆಯುತ್ತದೆ. ಹ್ಯಾಂಡಿಕ್ಯಾಪಿನಲ್ಲಿ ಗಟ್ಟಿ ಕುದುರೆಗೆ ಜಾಸ್ತಿ ಭಾರ, ಬಡ ಕುದುರೆಗೆ ಕಡಿಮೆ. ರೇಟಿಂಗಿನಲ್ಲಿ, ಅಂದರೆ ಕುದುರೆಯ ತಾಕತ್ತಿಗೆ ಕೊಡುವ ಅಂಕದಲ್ಲಿ, ಒಂದು ಅಂಕ ಹೆಚ್ಚಿದ್ದರೆ ಬೆನ್ನ ಮೇಲೆ ಒಂದು ಪೌಂಡ್ ಹೆಚ್ಚು. ಎಲ್ಲವೂ ಒಟ್ಟಿಗೇ ಗುರಿ ಮುಟ್ಟಲಿ ಅನ್ನುವುದು ಭಾರ ಗೊತ್ತುಮಾಡುವ ಹ್ಯಾಂಡಿಕ್ಯಾಪರನ ಆಸೆ. ಪಾಪ, ಒಮ್ಮೆಯೂ ಈಡೇರಿಲ್ಲ.

ಈಗ ರೇಟಿನ ವಿಷಯ. 2024ರಿಂದ ಈ ರೇಸಿಗೆ ಹೆಚ್ಚೆಂದರೆ 34 ಕುದುರೆ. ಮೊದಲು 40 ಇರುತ್ತಿದ್ದವು. 34 ಕುದುರೆಗೂ ಅವಕಾಶ ಸಮ ಅಂದುಕೊಂಡರೆ ಪ್ರತಿಯೊಂದರ ರೇಟು ಒಂದಕ್ಕೆ 33 ಆಗಬೇಕು. ಅಂದರೆ 33ರ ಕುದುರೆ ಕೆಟ್ಟದ್ದೇನೂ ಅಲ್ಲ, ಅದು ಸರಾಸರಿ. ಒಂದಕ್ಕೆ 100 ಅಂದರೆ ಸರಾಸರಿಯ ಮೂರನೇ ಒಂದು ಭಾಗ ಅವಕಾಶ ಅಂತ ಜನ ನಂಬಿದ್ದಾರೆ. ಬುಕ್ಕಿ ತನ್ನ ಲಾಭ ಮುರಿದುಕೊಂಡೇ ರೇಟು ಬರೆದಿರುತ್ತಾನೆ, ಅದು ಬೇರೆ ಮಾತು. ಇದನ್ನು ತಂಗಿಯ ಮಗನಿಗೆ ಹೇಳಿದಾಗ "ಮಾವ, ಇದು ನಮ್ಮ ಮೊದಲನೇ ಸೆಮಿಸ್ಟರ್ ಪಾಠ" ಅಂದ. ಪಾಠ ಇರಬಹುದು. ಆದರೂ ಆ ವರ್ಷ ಅವನು ಫೇವರಿಟ್ ಹಾಕುತ್ತೇನೆ ಅಂತ ಹಟ ಹಿಡಿದಿದ್ದ.

ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ದುಬಾರಿ ರೇಟಿನ ಕುದುರೆಯ ಎದುರು ಒಂದು ಖಾನೆ ಇದೆ. ಅದರ ತಲೆಬರಹ "ಯಾಕೆ?"

ಮೊದಲ ಕಾರಣ ದಮ್ಮು. ಐದು ಕಿಲೋಮೀಟರ್ ಚೆನ್ನಾಗಿ ಓಡಿ ಆಮೇಲೆ ಉಸಿರು ಬಿಡುವ ಕುದುರೆಗೆ ಇಲ್ಲಿ ಕೆಲಸವಿಲ್ಲ. ಇದಕ್ಕೆ ಔಷಧವೂ ಇಲ್ಲ, ಹೊಡೆದುಹಾಕುತ್ತೇನೆ. ವೆಲ್ಷ್ ನ್ಯಾಷನಲ್, ಐರಿಷ್ ನ್ಯಾಷನಲ್, ಸ್ಕಾಟಿಷ್ ನ್ಯಾಷನಲ್, ಈ ಮೂರು ಉದ್ದದ ರೇಸುಗಳಲ್ಲಿ ಎಲ್ಲಾದರೂ ಒಳ್ಳೆ ಓಟ ಇದೆಯಾ ನೋಡುತ್ತೇನೆ. ಎರಡು ವರ್ಷ ಹಳೆಯದಾದರೂ ಆಗುತ್ತದೆ. 2013ರಲ್ಲಿ ಔರೋರಾಸ್ ಎನ್‌ಕೋರ್ ಒಂದಕ್ಕೆ 66ರಲ್ಲಿ ಗೆದ್ದಿತು. ಆಗ ಎಲ್ಲರೂ ಎಲ್ಲಿಂದ ಬಂತಿದು ಅಂದರು. ಹಿಂದಿನ ವರ್ಷ ಅದೇ ಕುದುರೆ ಸ್ಕಾಟಿಷ್ ನ್ಯಾಷನಲ್‌ನಲ್ಲಿ ಬರೀ ಒಂದು ತಲೆಯ ಅಂತರದಲ್ಲಿ ಸೋತಿತ್ತು. ಎಲ್ಲರೂ ಮರೆತಿದ್ದರು. ಮರೆವು ಇಂಥ ರೇಟಿಗೆ ಬಲು ಒಳ್ಳೆಯ ಕಾರಣ.

2009ರ ಮೋನ್ ಮೋಮ್ ಕೂಡ ಹಾಗೇ. ಒಂದಕ್ಕೆ 100. ಮರುದಿನ ಮಾವ ಫೋನ್ ಮಾಡಿ ನಕ್ಕರು. ಹಿಂದಿನ ವರ್ಷ ಇದೇ ಮೈದಾನದಲ್ಲಿ ಇದೇ ರೇಸು ಮುಗಿಸಿತ್ತು, ಹತ್ತನೆಯದಾಗಿ. ಹತ್ತನೆಯದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಆದರೆ 30 ಬೇಲಿ ಹಾರಿ ಮುಗಿಸಿದ್ದೇ ಒಂದು ಸಾಕ್ಷಿ. ಅದು ಗೆದ್ದ ಅಂತರ 12 ಕುದುರೆ ಉದ್ದ. ಮುಂದಿನ ವರ್ಷ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್‌ನಲ್ಲಿ ಮೂರನೆಯದಾಗಿ ಬಂತು. ಬರೀ ಅದೃಷ್ಟ ಅನ್ನುವವರಿಗೆ ಅಲ್ಲಿ ಉತ್ತರ ಸಿಕ್ಕಿತು.

ಎರಡನೇ ಕಾರಣ ಬೀಳುವುದು. ಕುದುರೆಯ ಹೆಸರಿನ ಮುಂದೆ ಹಿಂದಿನ ಓಟಗಳ ಗುರುತು ಬರೆದಿರುತ್ತಾರೆ. ಎಫ್ ಅಂದರೆ ಬಿತ್ತು. ಯು ಅಂದರೆ ಸವಾರ ಉದುರಿದ. ಬಿ ಅಂದರೆ ಇನ್ನೊಂದು ಕುದುರೆ ಅಡ್ಡ ಬಿದ್ದು ಇದನ್ನೂ ಕೆಡವಿತು. ಪಿ ಅಂದರೆ ಸವಾರನೇ ಅರ್ಧಕ್ಕೆ ನಿಲ್ಲಿಸಿದ. ಎರಡು ಎಫ್ ಕಂಡರೆ ನಾನು ಹತ್ತಿರ ಹೋಗುವುದಿಲ್ಲ. ಬಿ ಕುದುರೆಯ ತಪ್ಪಲ್ಲ. ಪಿ ಮಾತ್ರ ನಿಂತು ನೋಡಬೇಕಾದದ್ದು. ಜನ ಪಿ ಕಂಡ ಕೂಡಲೇ ಹೆದರುತ್ತಾರೆ, ರೇಟು ಏರುತ್ತದೆ. ಆ ದಿನ ನೆಲ ಹೇಗಿತ್ತು? ಮಳೆ ಬಂದು ಕೆಸರಾಗಿತ್ತಾ? ಒಣ ನೆಲದ ಕುದುರೆ ಎರೆ ಹೊಲದಂಥ ಕೆಸರಿನಲ್ಲಿ ಸೋತರೆ ಅದು ಸೋಲಲ್ಲ. ಮಳೆಗಾಲದಲ್ಲಿ ನಮ್ಮ ಎರೆ ಮಣ್ಣಿನಲ್ಲಿ ಚಪ್ಪಲಿ ಕಳೆದುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ನಿಜವಾದ ಕಾರಣವೇ ಅಲ್ಲದ ಕಾರಣ. ನಾನು ಪೆಟ್ಟು ತಿಂದಿದ್ದೆಲ್ಲ ಇಲ್ಲೇ. 2022ರಲ್ಲಿ ನೋಬಲ್ ಯೇಟ್ಸ್ ಅನ್ನುವ ಏಳು ವರ್ಷದ ಕುದುರೆ ಇತ್ತು. ಒಂದಕ್ಕೆ 50. ನನ್ನ ನೋಟ್‌ಬುಕ್ಕಿನಲ್ಲಿ ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ "ಏಳು ವರ್ಷದ್ದು, 1940ರಿಂದ ಗೆದ್ದಿಲ್ಲ" ಅಂತ ಟಿಪ್ಪಣಿ. ಅದು ಗೆದ್ದಿತು. ಸವಾರ ಸ್ಯಾಮ್ ವೇಲಿ ಕೋಹೆನ್ ವೃತ್ತಿಯವನೂ ಅಲ್ಲ, ಹವ್ಯಾಸಿ. ಅದೇ ತನ್ನ ಕೊನೆ ಸವಾರಿ ಅಂತ ಮೊದಲೇ ಹೇಳಿದ್ದ. ನನ್ನ ಟಿಪ್ಪಣಿಯಲ್ಲಿ ತಪ್ಪಿರಲಿಲ್ಲ. ಆದರೆ ಅದು ಹಿಂದಿನ ಏಳು ವರ್ಷದ ಕುದುರೆಗಳ ಕಥೆ, ಈ ಕುದುರೆಯ ಕಥೆ ಅಲ್ಲ. ಇದರ ಕಾಲಿನ ಬಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ.

ಅದೃಷ್ಟ ಅನ್ನುವುದು ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 1967ರ ಫೋಯ್ನಾವನ್ ಇದೆಯಲ್ಲ. 23ನೇ ಬೇಲಿಯಲ್ಲಿ ಸವಾರನಿಲ್ಲದ ಒಂದು ಕುದುರೆ ಅಡ್ಡ ಓಡಿತು, ಮುಂದಿದ್ದವೆಲ್ಲ ಒಂದರ ಮೇಲೊಂದು ಬಿದ್ದವು, ನಿಂತವು. ಫೋಯ್ನಾವನ್ ಎಷ್ಟು ಹಿಂದಿತ್ತೆಂದರೆ ಸವಾರನಿಗೆ ಜಾಗ ಹುಡುಕಿಕೊಂಡು ಹಾರುವಷ್ಟು ಪುರುಸೊತ್ತಿತ್ತು. ಒಂದಕ್ಕೆ 100. ಎಲ್ಲರ ದುಡ್ಡು ಒಟ್ಟು ಮಾಡಿ ಗೆದ್ದವರಿಗೆ ಹಂಚುವ ಟೋಟ್‌ನಲ್ಲಿ ಒಂದಕ್ಕೆ 444 ಕೊಟ್ಟಿತು. ಅದರ ತರಬೇತುದಾರ ಆ ದಿನ ಏನ್‌ಟ್ರೀಗೇ ಬಂದಿರಲಿಲ್ಲ, ಬೇರೆ ಊರಿನ ರೇಸಿಗೆ ಹೋಗಿದ್ದ! ಈಗ ಆ ಬೇಲಿಗೆ ಫೋಯ್ನಾವನ್ ಅಂತಲೇ ಹೆಸರು. ಇದು ಮೇಸ್ತ್ರಿಗೆ ಬಲು ಇಷ್ಟದ ಕಥೆ. ಪ್ರತಿ ವರ್ಷ ಅವನು ಎಲ್ಲಕ್ಕಿಂತ ದುಬಾರಿ ರೇಟಿನ ಮೂರು ಕುದುರೆ ಬರೆಸಿ "ಎಲ್ಲಾ ಬೀಳ್ತಾವ ನೋಡ್ರಿ" ಅನ್ನುತ್ತಾನೆ.

ಮೊದಲಿನಷ್ಟು ಬೀಳುವುದಿಲ್ಲ ಅಂತ ನಾನು ಅವನಿಗೆ ಹೇಳುತ್ತಲೇ ಇದ್ದೇನೆ. 2013ರಲ್ಲಿ ಬೇಲಿಯೊಳಗಿನ ಮರದ ಚೌಕಟ್ಟು ತೆಗೆದು ಬಾಗುವ ಪ್ಲಾಸ್ಟಿಕ್ ಹಾಕಿದರು. 2023ರಲ್ಲಿ ಹಿಲ್ ಸಿಕ್ಸ್‌ಟೀನ್ ಅನ್ನುವ ಕುದುರೆ ಮೊದಲ ಬೇಲಿಯಲ್ಲೇ ಬಿದ್ದು ಸತ್ತಿತು. ಅಕ್ಕ ಆ ರಾತ್ರಿ ಮುಂದೆ ನೋಡದೆ ಎದ್ದು ಹೋದಳು. ನನಗೂ ನುಂಗಲಾಗದ ಸಂಗತಿ ಅದು. ಆಮೇಲೆ ಕುದುರೆಗಳ ಸಂಖ್ಯೆ ಇಳಿಸಿದರು, ಮೊದಲ ಬೇಲಿಯನ್ನು ಹತ್ತಿರ ತಂದರು, ವೇಗ ಏರುವ ಮೊದಲೇ ಹಾರಲಿ ಅಂತ. 2024ರಲ್ಲಿ ಓಡಿದ 32ರಲ್ಲಿ ಒಂದೂ ಬೀಳಲಿಲ್ಲ. ಕೆಲವು ಸವಾರರು ಉದುರಿದರು, ಕೆಲವರು ನಿಲ್ಲಿಸಿದರು, 21 ಮುಗಿಸಿದವು. ಮೇಲಾಗಿ ಈಗ 130ಕ್ಕಿಂತ ಕಡಿಮೆ ರೇಟಿಂಗಿನ ಕುದುರೆಗೆ ಪ್ರವೇಶವೇ ಇಲ್ಲ. ಬೇರೆಯವರು ಬಿದ್ದು ಗೆಲ್ಲುವ ಔಟ್‌ಸೈಡರ್ ಕಾಲ ಮುಗಿಯುತ್ತಾ ಬಂತು. ಈಗ ಬೇಕಾಗಿರುವುದು ನಿಜವಾಗಿ ಒಳ್ಳೆಯದಿದ್ದೂ ಜನ ಕಣ್ಣು ಹಾಕದ ಕುದುರೆ.

ಇಷ್ಟೆಲ್ಲ ತಿಳಿದ ನಾನು ನಿಕ್ ರಾಕೆಟ್‌ಗೆ ಯಾಕೆ ಗೀಟು ಹೊಡೆದೆ ಗೊತ್ತೇ? ಭಾರಕ್ಕೆ!

ಮಾವ ಕಲಿಸಿದ ಮೊದಲ ಕಥೆಯೇ 1973ರ ಕ್ರಿಸ್ಪ್ ಮತ್ತು ರೆಡ್ ರಮ್. ಕ್ರಿಸ್ಪ್ ಮೇಲೆ 12 ಸ್ಟೋನ್, ಅಂದರೆ 76 ಕಿಲೋ. ರೆಡ್ ರಮ್ ಮೇಲೆ 23 ಪೌಂಡ್ ಕಡಿಮೆ, ಹತ್ತು ಕಿಲೋಗಿಂತ ಜಾಸ್ತಿ ವ್ಯತ್ಯಾಸ. ಕ್ರಿಸ್ಪ್ ಎಷ್ಟೋ ಮುಂದಿತ್ತು. ಕೊನೆ ಬೇಲಿ ದಾಟಿದ ಮೇಲೆ ಕಾಲು ತೊಡರಿಕೊಂಡು ಕುಡಿದವರಂತೆ ವಾಲತೊಡಗಿತು. ಮುಕ್ಕಾಲು ಕುದುರೆ ಉದ್ದದಲ್ಲಿ ಸೋತಿತು. ಆ ಓಟ ನೋಡಿದವರಿಗೆ ಭಾರದ ಹೆದರಿಕೆ ಹೋಗುವುದಿಲ್ಲ. ನಿಕ್ ರಾಕೆಟ್ ಮೇಲೆ 11 ಸ್ಟೋನ್ 8 ಪೌಂಡ್, 73 ಕಿಲೋ ಚಿಲ್ಲರೆ. ಆಗಲ್ಲ ಅಂತ ಬರೆದೆ. ಅದೇ ಚಳಿಗಾಲದಲ್ಲಿ ಅದು ಐರ್ಲೆಂಡಿನಲ್ಲಿ ಥೈಯೆಸ್ಟೀಸ್ ಚೇಸ್ ಗೆದ್ದಿತ್ತು, ಬಾಬಿಜೋ ಚೇಸ್ ಗೆದ್ದಿತ್ತು. ಎರಡನ್ನೂ ನಾನೇ ನನ್ನ ಕೈಯಾರೆ ಬರೆದಿದ್ದೆ, ಗೀಟಿನ ಕೆಳಗೆ ಈಗಲೂ ಕಾಣುತ್ತದೆ. ಒಂದಕ್ಕೆ 33 ರೇಟು ಬಂದದ್ದು ಅದೇ ಲಾಯದಲ್ಲಿ ಇನ್ನೂ ಹೆಸರುವಾಸಿ ಕುದುರೆಗಳಿದ್ದವು ಅಂತ. ವಿಲ್ಲಿ ಮುಲಿನ್ಸ್ ಲಾಯ ಅದು. ಜನ ಹಿಂದಿನ ವರ್ಷ ಗೆದ್ದ ಐ ಆಮ್ ಮ್ಯಾಕ್ಸಿಮಸ್ ಕಡೆ ನೋಡುತ್ತಿದ್ದರು.

ಕಾಟಾದಲ್ಲಿ ಕೂತವನು ಇಂಥ ತಪ್ಪು ಮಾಡಬಾರದಿತ್ತು. ಹದಿನಾಲ್ಕು ಚಕ್ರದ ಲಾರಿ ತನ್ನ ತೂಕವೂ ಸೇರಿ ನಲವತ್ತು ಟನ್ ಇದ್ದರೂ ಸುಮ್ನೆ ಕಾಟಾ ಹತ್ತುತ್ತದೆ. ಹಳೇ ಆರು ಚಕ್ರದ್ದು ಅದರ ಕಾಲು ಭಾಗ ಹೊತ್ತು ಗೊರಗೊರ ಅನ್ನುತ್ತದೆ. ಚೀಟಿಯಲ್ಲಿ ದೊಡ್ಡ ಅಂಕಿ ಕಂಡರೆ ಗಾಡಿ ದೊಡ್ಡದಿದೆ ಅಂತ ಮೊದಲ ಅರ್ಥ. ಹ್ಯಾಂಡಿಕ್ಯಾಪರ್ 11 ಸ್ಟೋನ್ 8 ಹಾಕಿದ್ದು ಆ ಕುದುರೆ ಅಷ್ಟು ಒಳ್ಳೆಯದು ಅಂತಲೇ. 2024ರಲ್ಲಿ ಗೆದ್ದದ್ದರ ಮೇಲೂ 11 ಸ್ಟೋನ್ 6 ಇತ್ತು. ಅದೂ ನೋಟ್‌ಬುಕ್ಕಿನಲ್ಲಿ ಇದೆ. ನಾನೇ ಬರೆದದ್ದು.

ರೇಸು ಶುರುವಾಗಿದ್ದು ನಮ್ಮ ರಾತ್ರಿ ಎಂಟೂವರೆಗೆ. ಅಕ್ಕ ಕುದುರೆ ಆರಿಸುವುದು ಹೆಸರು ನೋಡಿ. "ರಾಕೆಟ್ ಅಂತ ಐತಲ್ಲ ತಮ್ಮಾ, ಅದು ಬರಿ" ಅಂದಿದ್ದಳು. ನಾನು ನಕ್ಕು ಬರೆದಿದ್ದೆ. ಕೊನೆ ಬೇಲಿಯ ಮೇಲೆ ಐ ಆಮ್ ಮ್ಯಾಕ್ಸಿಮಸ್ ಮತ್ತು ನಿಕ್ ರಾಕೆಟ್ ಎರಡೇ. ರಾಕೆಟ್ ಮುಂದೆ ಬಂತು. ಸವಾರ ಪ್ಯಾಟ್ರಿಕ್ ಮುಲಿನ್ಸ್, ತರಬೇತುದಾರನ ಮಗನೇ. ಅಪ್ಪ ಟೀವಿ ಕ್ಯಾಮೆರಾ ಮುಂದೆ ಮಾತಾಡಲಾಗದೆ ಅತ್ತುಬಿಟ್ಟ. ಮೂರನೆಯದೂ ಅದೇ ಲಾಯದ್ದು, ಗ್ರೇಂಜ್‌ಕ್ಲೇರ್ ವೆಸ್ಟ್, ಅದೂ ಒಂದಕ್ಕೆ 33.

ಗ್ರೇಂಜ್‌ಕ್ಲೇರ್ ವೆಸ್ಟ್ ನನ್ನ ಮೂರರಲ್ಲಿ ಒಂದಾಗಿತ್ತು. ನಮ್ಮ ಲೆಕ್ಕ ಈಚ್ ವೇ, ಅರ್ಧ ಗೆಲುವಿಗೆ, ಅರ್ಧ ಮೊದಲ ನಾಲ್ಕರಲ್ಲಿ ಬಂದರೆ. ಮೊದಲ ನಾಲ್ಕರಲ್ಲಿ ಬಂದದ್ದಕ್ಕೆ ರೇಟಿನ ಕಾಲು ಭಾಗ. ಹತ್ತು, ಹತ್ತು ರೂಪಾಯಿ ಬರೆದಿದ್ದೆ. 33ರ ಕಾಲು ಭಾಗ ಎಂಟೂಕಾಲು. ಹತ್ತು ರೂಪಾಯಿಗೆ ಎಂಬತ್ತೆರಡೂವರೆ, ಜೊತೆಗೆ ಹಾಕಿದ ಹತ್ತು. ಮೂರು ಕುದುರೆಗೆ ಒಟ್ಟು ಅರವತ್ತು ಹಾಕಿ ತೊಂಬತ್ತೆರಡೂವರೆ ಬಂತು. ಕಾಗದದ ಮೇಲೆ ನಾನು ಲಾಭದಲ್ಲೇ ಇದ್ದೆ. ಹಾಗಾದರೆ ಸೋತವರು ಮೇಸ್ತ್ರಿ ಅಲ್ವಾ ಅಂತ ವಾದಿಸಿದೆ. ಅವನ ಮೂರೂ ಕುದುರೆ ಎಲ್ಲೋ ಹಿಂದೆ. ತಂಗಿಯ ಮಗ ನನ್ನ ನೋಟ್‌ಬುಕ್ ಎಳೆದುಕೊಂಡು ಕೆಂಪು ಗೀಟನ್ನು ಎಲ್ಲರಿಗೂ ತೋರಿಸಿದ. ಗೆಲ್ಲುವ ಕುದುರೆಗೆ ಗೀಟು ಹೊಡೆದವರೇ ಕೊಡಿಸಬೇಕು ಅಂತ ಅಲ್ಲೇ ಹೊಸ ನಿಯಮ ಮಾಡಿದರು, ಮೂರು ಮತಕ್ಕೆ ಒಂದು.

ಗೆದ್ದವಳೂ ಅಕ್ಕ, ಮಿರ್ಚಿ ಕರಿದವಳೂ ಅಕ್ಕ, ನನ್ನ ದುಡ್ಡು ತೆಗೆದುಕೊಂಡವಳೂ ಅಕ್ಕ. ಹಬ್ಬದ ದಿನ ಅಂತ ಪಾನಕ ಮಾತ್ರ ಪುಕ್ಕಟೆ ಕೊಟ್ಟಳು.