ತಮ್ಮ ಮನೆಯಲ್ಲೇ...

ಸೆಪ್ಟೆಂಬರ್ 10 ಬಂತೆಂದರೆ ನನಗೆ ಆ ಮಧ್ಯಾಹ್ನದ ಡ್ಯೂಟಿ ನೆನಪಾಗುತ್ತದೆ. ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಗ ನಾನು ಒಂದು ರೇಡಿಯೋ ಕೇಂದ್ರದಲ್ಲಿ ಕ್ಯಾಶುವಲ್ ಅನೌನ್ಸರ್, ಅಂದರೆ ಕರೆದಾಗ ಮಾತ್ರ ಡ್ಯೂಟಿ. ಮೈಸೂರಿನ ಪ್ರೊಫೆಸರ್ ಡಾ. ಎಂ.ವಿ. ಗೋಪಾಲಸ್ವಾಮಿಯವರ ಬಗ್ಗೆ ಹದಿನೈದು ನಿಮಿಷದ ರೂಪಕ ಬರೆದಿದ್ದೆ. ಎರಡು ವಾರ ಓದಿದ್ದು ಅದಕ್ಕೇ.

ಡಬ್ಬಿಂಗ್ ರೂಮಿನಲ್ಲಿ ಪೂರ್ತಿ ಕೇಳಿದ್ದೆ. ಸ್ಟುಡಿಯೋ ಸಿಸ್ಟಂಗೆ ಹಾಕಿದ ಮೇಲೆ ಮೊದಲ ಅರ್ಧ ನಿಮಿಷ ಮಾತ್ರ ಕೇಳಿ, ಕಾರ್ಯಕ್ರಮದ ಸರದಿ ಬರೆದ ಕ್ಯೂ ಶೀಟಿಗೆ ಸಹಿ ಮಾಡಿದೆ. ಆ ಸಿಸ್ಟಂ ದೊಡ್ಡ ಫೈಲುಗಳನ್ನು ಅರ್ಧಕ್ಕೇ ನುಂಗುತ್ತದೆ ಅಂತ ಲಾಗ್ ಬುಕ್ಕಿನಲ್ಲಿ ಎಷ್ಟೋ ಸಲ ಬರೆದಿದ್ದೆವು. ಮೇಲಿನವರು ಯಾರೂ ತಲೆ ಹಾಕಿರಲಿಲ್ಲ. ಆದರೆ ಗೊತ್ತಿದ್ದೂ ಪೂರ್ತಿ ಕೇಳದೆ ಬಿಟ್ಟವಳು ನಾನೇ.

ಪ್ರಸಾರ ಶುರುವಾಯಿತು. ಅವರ ಲಂಡನ್ನಿನ ಓದು, ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪಾಠ, ಎಲ್ಲ ಚೆನ್ನಾಗಿ ಹೋಯಿತು. ಐದನೇ ನಿಮಿಷಕ್ಕೆ, "1935ರಲ್ಲಿ ಅವರು ತಮ್ಮ ಮನೆಯಲ್ಲೇ" ಅನ್ನುವಾಗ ಧ್ವನಿ ನಿಂತಿತು. ಮೀಟರ್ ಕೆಳಗೆ ಬಿತ್ತು.

ಮತ್ತೆ ಪ್ಲೇ ಒತ್ತಿದೆ. ಅಲ್ಲಿಗೇ ನಿಂತಿತು. ಗಾಜಿನಾಚೆಯಿಂದ ಇಂಜಿನಿಯರ್ ಕೈ ಮಾಡುತ್ತಿದ್ದರು. ಮೈಕ್ ತೆರೆಯುವ ಫೇಡರ್ ಮೇಲೆ ನನ್ನ ಬೆರಳಿತ್ತು. ತಲೆಯಲ್ಲಿ ಎಲ್ಲವೂ ಇತ್ತು. ಆದರೆ ಅನುಮತಿ ಸಿಕ್ಕ ಸ್ಕ್ರಿಪ್ಟ್ ಬಿಟ್ಟು ಮಾತಾಡಿದರೆ ಮುಂದಿನ ತಿಂಗಳು ಡ್ಯೂಟಿ ಕೊಡುತ್ತಾರೋ ಇಲ್ಲವೋ ಅನ್ನೋ ಹೆದರಿಕೆ. ನಲವತ್ತು ಸೆಕೆಂಡು ಹಾಗೇ ಕೂತಿದ್ದೆ. ಆಮೇಲೆ "ತಾಂತ್ರಿಕ ತೊಂದರೆಗಾಗಿ ವಿಷಾದಿಸುತ್ತೇವೆ" ಎಂದು ಹೇಳಿ ಕೊಳಲಿನ ಫಿಲ್ಲರ್ ಹಾಕಿದೆ. ಸುಮಾರು ಹತ್ತು ನಿಮಿಷ ಬರೀ ಕೊಳಲು.

ಡ್ಯೂಟಿ ರೂಮಿಗೆ ಬಂದಾಗ ಫೋನ್ ಬಡಿದುಕೊಳ್ಳುತ್ತಿತ್ತು. ವಯಸ್ಸಾದವರ ದನಿ. ಬೈಯಲಿಲ್ಲ.

"ಮನೆಯಲ್ಲೇ ಏನು ಮಾಡಿದ್ರಮ್ಮಾ ಅವರು?"

ನಿಂತಲ್ಲೇ ಹೇಳತೊಡಗಿದೆ. ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು ಸಾರ್, 1935ರ ಸೆಪ್ಟೆಂಬರ್ 10ಕ್ಕೆ. ಟ್ರಾನ್ಸ್‌ಮಿಟರ್ ಬರೀ 30 ವ್ಯಾಟ್, ಮನೆಯ ಹಳೇ ಬಲ್ಬಿಗಿಂತ ಕಡಿಮೆ. ಆಮೇಲೆ 250 ವ್ಯಾಟಿನದು ತಂದರು. ಕುವೆಂಪು ಅಲ್ಲಿ ಕವನ ಓದಿದರು. ಮೇಷ್ಟ್ರ ಸ್ವಂತ ದುಡ್ಡು ಅದಕ್ಕೆ ಹೋಗುತ್ತಿತ್ತು. ಆಲ್ ಇಂಡಿಯಾ ರೇಡಿಯೋ ಅನ್ನೋ ಹೆಸರು ಬಂದದ್ದೇ 1936ರಲ್ಲಿ. ಆಕಾಶವಾಣಿ ಅನ್ನೋದು ಮೊದಲು ಈ ಮೈಸೂರಿನ ಕೇಂದ್ರದ ಹೆಸರು, ಇಡೀ ದೇಶದ ರೇಡಿಯೋಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಮುಂದೆ ಸಂಸ್ಥಾನ ಕೇಂದ್ರವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು.

ಒಂದು ಚೀಟಿಯೂ ಕೈಯಲ್ಲಿರಲಿಲ್ಲ. ಎಲ್ಲೂ ತಡವರಿಸಲಿಲ್ಲ. ಗಡಿಯಾರ ನೋಡಿದರೆ ಎಂಟು ನಿಮಿಷವಾಗಿತ್ತು. ಆ ಕೊಳಲಿನ ಜಾಗದಲ್ಲಿ ಇಷ್ಟನ್ನೂ ಹೇಳಬಹುದಿತ್ತು, ಅಲ್ವಾ?

ಮೆಮೊ ಬಂತು, ಉತ್ತರ ಬರೆದೆ. ಅದು ಅಷ್ಟು ನೋಯಿಸಲಿಲ್ಲ. ಆ ಮನುಷ್ಯ ಮನೆಯ ಕೋಣೆಯಿಂದ ಊರಿಗೆ ಮಾತು ತಲುಪಿಸಿದರು. ನಾನು ಅಷ್ಟು ದೊಡ್ಡ ಸ್ಟುಡಿಯೋದಲ್ಲಿ ಕೂತು ಅವರ ಕಥೆಯನ್ನೇ ನುಂಗಿಕೊಂಡೆ. ನೋಯುವುದು ಅದು.

ಈಗ ಫೈಲನ್ನು ಸ್ಟುಡಿಯೋ ಸಿಸ್ಟಂನಲ್ಲೇ ಕೊನೆಯ ಸೆಕೆಂಡಿನವರೆಗೂ ಕೇಳುತ್ತೇನೆ. ಮುಖ್ಯ ವಿಷಯ ನಾಲ್ಕು ಸಾಲು ಬರೆದು, ಆ ಸಾಲುಗಳಿಗೂ ಅನುಮತಿಯ ಸಹಿ ಮೊದಲೇ ಹಾಕಿಸಿ ಮೈಕ್ ಪಕ್ಕ ಇಟ್ಟುಕೊಳ್ಳುತ್ತೇನೆ. ಈ ಸಲ ಸೆಪ್ಟೆಂಬರ್ 10ರ ಮಧ್ಯಾಹ್ನದ ಡ್ಯೂಟಿ ಕೇಳಿ ಪಡೆದಿದ್ದೇನೆ. ಗೋಪಾಲಸ್ವಾಮಿಯವರ ಬಗ್ಗೆ ಹತ್ತು ನಿಮಿಷ ಲೈವ್ ಮಾತಾಡುತ್ತೇನೆ ಅಂತ ಬರೆದುಕೊಟ್ಟಿದ್ದೇನೆ. ಒಪ್ಪಿಗೆ ಇನ್ನೂ ಬರಬೇಕು.