ಜಗನ್ಮೋಹನ ಅರಮನೆಗೆ ಕಾರ್ಯಕ್ರಮಕ್ಕೆ ಹೋಗುವವರೇ, ಹಿಂದಿನ ಚಿತ್ರಶಾಲೆ ಬಿಟ್ಟು ಬರಬೇಡಿ

ದಸರಾ ಸಮಯದಲ್ಲಿ ಮಗಳ ಭರತನಾಟ್ಯ ತಂಡದ ಜೊತೆ ಶಿವಮೊಗ್ಗದಿಂದ ಮೈಸೂರಿಗೆ ಹೋಗಿದ್ದೆ. ಹನ್ನೆರಡು ಮಕ್ಕಳು, ಗುರುಗಳು, ನಾವು ನಾಲ್ವರು ತಾಯಂದಿರು. ಜಗನ್ಮೋಹನ ಅರಮನೆಯ ಸಭಾಂಗಣದಲ್ಲಿ ಮಾರನೆಯ ಸಂಜೆ ನಮ್ಮ ಸರದಿ ಇತ್ತು.

ಮೊದಲು ಮೋಸ ಹೋದದ್ದನ್ನು ಹೇಳಿಬಿಡುತ್ತೇನೆ. ರೈಲ್ವೆ ನಿಲ್ದಾಣದಿಂದ ನಾನು, ಮಗಳು ಆಟೊ ಹತ್ತಿದೆವು. "ಮೇಡಂ, ಆರ್ಟ್ ಗ್ಯಾಲರಿ ಎರಡು ಗಂಟೆವರೆಗೂ ಮುಚ್ಚಿರತ್ತೆ, ಅಲ್ಲಿವರೆಗೆ ಗಂಧದೆಣ್ಣೆ ಮಾಡೋ ಜಾಗ ತೋರಿಸ್ತೀನಿ ಬನ್ನಿ" ಅಂದ ಚಾಲಕ. ಹೋದರೆ ಅದೊಂದು ಅಂಗಡಿ. ಬರಿಗೈಲಿ ಏಳುವುದಕ್ಕೆ ಸಂಕೋಚವಾಗಿ 650 ರೂಪಾಯಿ ಕೊಟ್ಟು ಪುಟ್ಟ ಸೀಸೆ ತಗೊಂಡೆ, ಎರಡೇ ದಿನಕ್ಕೆ ಪರಿಮಳ ಹಾರಿಹೋಯಿತು. ಆಮೇಲೆ ಗ್ಯಾಲರಿಗೆ ಬಂದು ಕೇಳಿದರೆ, "ಬೆಳಗ್ಗೆಯಿಂದ ತೆಗೆದೇ ಇದೆಯಲ್ಲಮ್ಮ" ಅಂದರು ಟಿಕೆಟ್ ಕೊಡುವವರು. ಆಟೊದವರು ಮುಚ್ಚಿದೆ ಅಂದರೆ ದಯವಿಟ್ಟು ನಂಬಬೇಡಿ. ಸಾಮಾನು ಹೆಚ್ಚಿಲ್ಲದಿದ್ದರೆ ನಿಲ್ದಾಣದಿಂದ ನಡೆದುಕೊಂಡೇ ಬರಬಹುದು, ಇಪ್ಪತ್ತು ನಿಮಿಷದ ದಾರಿ.

ಈ ಸಭಾಂಗಣಕ್ಕೆ ನಾನು ಹಿಂದೆಯೂ ಎರಡು ಸಲ ಬಂದಿದ್ದೆ. ಕಛೇರಿ ಕೇಳಿ, ಕಾಫಿ ಕುಡಿದು ಹೊರಟುಬಿಟ್ಟಿದ್ದೆ. ಅದರ ಹಿಂದೆಯೇ 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಅರಮನೆ ಇದೆ, ಚಿತ್ರಶಾಲೆ ಇರುವುದು ಅಲ್ಲೇ ಅಂತ ಗೊತ್ತಿದ್ದೂ ಕಾಲಿಟ್ಟಿರಲಿಲ್ಲ. ಈ ಸಲ ಒಳಗೆ ಹೋದ ಮೇಲೆ ಆ ಎರಡು ಸಲ ಕಳೆದುಕೊಂಡದ್ದಕ್ಕೆ ನಿಜಕ್ಕೂ ಸಂಕಟವಾಯಿತು.

ಅಜ್ಜಿ ಮನೆಯ ಕ್ಯಾಲೆಂಡರಿನಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರವಿತ್ತು. ಅದು ರವಿವರ್ಮನದು ಅಂತಲೇ ನಾವೆಲ್ಲ ನಂಬಿದ್ದೆವು. ಅಲ್ಲವಂತೆ! ಬರೆದವರು ಸಾವಂತವಾಡಿ ಕಡೆಯ ಎಸ್. ಎಲ್. ಹಲ್ದಂಕರ್, ಮಾದರಿಯಾಗಿ ನಿಂತವರು ಅವರ ಮಗಳು ಗೀತಾ. ಅದೂ ತೈಲಚಿತ್ರವಲ್ಲ, ಜಲವರ್ಣ. ಕತ್ತಲು ಮಾಡಿದ ಕೋಣೆಯಲ್ಲಿ ಇಟ್ಟಿದ್ದಾರೆ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲಿ ಕೆಂಪು ಬೆಳಕು ಹಾಯುತ್ತದೆ, ಮುಖದ ಮೇಲೂ ಅದೇ ಬೆಳಕು. ಹಿಂದೆಲ್ಲೋ ಬಲ್ಬು ಇಟ್ಟಿರಬೇಕು ಅಂತ ಮಗಳು ಪಕ್ಕದಿಂದ ಬಗ್ಗಿ ನೋಡಿದಳು.

ರವಿವರ್ಮನ ಚಿತ್ರಗಳೂ ಇವೆ. 1889ರದೊಂದರಲ್ಲಿ ಬೇರೆ ಬೇರೆ ಸೀಮೆಯ ಉಡುಗೆಯುಟ್ಟ ಹನ್ನೊಂದು ಹೆಂಗಸರು ವಾದ್ಯಗಳೊಂದಿಗೆ ಕೂತಿದ್ದಾರೆ. ನಾಟ್ಯ, ಸಂಗೀತ ಕಲಿಯುವ ಮಕ್ಕಳಿಗೆ ಅದನ್ನು ತೋರಿಸಲೇಬೇಕು. ಆದರೆ ದಸರೆಯಲ್ಲಿ ಹನ್ನೊಂದು ಗಂಟೆಯ ಮೇಲೆ ಜನವೋ ಜನ, ನನಗಂತೂ ಉಸಿರು ಕಟ್ಟಿದ ಹಾಗಾಗುತ್ತದೆ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಉಳಿದ ಮಕ್ಕಳನ್ನು ಕಾರ್ಯಕ್ರಮದ ದಿನ ಹಾಗೆಯೇ ಕರೆದುಕೊಂಡು ಹೋದೆವು.

ಊಟಕ್ಕೆ ಅಗ್ರಹಾರದ ನೂರೊಂದು ಗಣಪತಿ ದೇವಸ್ಥಾನದ ಕಡೆ ಹೋಗಿ. ಅಲ್ಲಿ ಓಣಿಯೊಳಗೆ ಒಂದು ಮೆಸ್ ಇದೆ, ಬೋರ್ಡು ಓದಲಾಗದಷ್ಟು ಮಾಸಿದೆ. ಬಾಳೆಲೆ, ಬಿಸಿ ಅನ್ನ, ನುಗ್ಗೇಕಾಯಿ ಹುಳಿ, ಹೆಸರುಬೇಳೆ ಕೋಸಂಬರಿ, ನೀರು ಮಜ್ಜಿಗೆ. ಎಪ್ಪತ್ತು ರೂಪಾಯಿ. ಬಡಿಸುವ ಅಜ್ಜಿ ಮಕ್ಕಳ ಎಲೆ ಮುಂದೆ ನಿಂತು, "ಕುಣಿಯೋ ಮಕ್ಕಳು, ಇನ್ನೊಂಚೂರು ಹಾಕಿಸ್ಕೊಳ್ಳಿ" ಅಂತ ತುಪ್ಪ ಎರಡನೇ ಸಲ ಹಾಕಿದರು. ಆ ಹುಳಿಯ ರುಚಿಗೆ ಮಾರನೆ ದಿನವೂ ಅಲ್ಲಿಗೇ ಹೋದೆವು. ಒಂದು ಗಂಟೆಯೊಳಗೆ ಹೋದರೆ ಜಾಗ ಸಿಗುತ್ತದೆ.

ವಸತಿ ಮಾತ್ರ ತಿಂಗಳ ಮೊದಲೇ ಗೊತ್ತು ಮಾಡಿ, ದುಡ್ಡು ಎಷ್ಟೆಂದು ಬರಹದಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ 1,200 ಅಂದ ಲಾಡ್ಜಿನವರು ಬಾಗಿಲಲ್ಲಿ ನಿಂತಾಗ "ದಸರಾ ರೇಟು" ಅಂತ 2,800 ಕೇಳಿದರು. ಮಕ್ಕಳನ್ನು ಕಟ್ಟಿಕೊಂಡು ಬೇರೆಲ್ಲಿಗೆ ಹೋಗೋಣ, ಕೊಟ್ಟೆವು.

ತಂಡ ಕರೆದೊಯ್ಯುವವರು ಮೇಕಪ್ಪು, ಜಡೆ, ಹೂವು ಎಲ್ಲ ರೂಮಿನಲ್ಲೇ ಮುಗಿಸಿ ಬನ್ನಿ. ಹಾಡು ಪೆನ್‌ಡ್ರೈವಿನಲ್ಲೂ ಇರಲಿ, ಇಬ್ಬರ ಮೊಬೈಲಿನಲ್ಲೂ ಇರಲಿ. ಪಿನ್ನು, ದಾರ, ಒಂದು ಜೊತೆ ಹೆಚ್ಚಿನ ಗೆಜ್ಜೆ ಮರೆಯಬೇಡಿ. 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದು ಈ ಅರಮನೆಯಲ್ಲೇ ಅಂತ ಗುರುಗಳು ಹೇಳಿದ ಮೇಲೆ ಮಕ್ಕಳು ವೇದಿಕೆಗೆ ನಮಸ್ಕಾರ ಮಾಡಿದ ರೀತಿಯೇ ಬೇರೆ ಇತ್ತು. ನನ್ನ ಮಗಳು ದೀಪದ ನೃತ್ಯದಲ್ಲಿ, ಅಭ್ಯಾಸದಲ್ಲಿ ಇರದಿದ್ದರೂ, ಅಂಗೈಯನ್ನು ದೀಪಕ್ಕೆ ಅಡ್ಡ ಹಿಡಿದು ಒಂದು ಕ್ಷಣ ಹಾಗೇ ನಿಂತಳು.