ಮಾಗಡಿ ಕೆರೆಗೆ ಹೆಬ್ಬಾತು ನೋಡಲು ಹೊರಟಿದ್ದೀರಾ?

ಮೊದಲು ಊರಿನ ಹೆಸರಿನ ಗೊಂದಲ ಬಗೆಹರಿಸಿಕೊಳ್ಳಿ. ಮ್ಯಾಪಿನಲ್ಲಿ ಬರೀ ‘ಮಾಗಡಿ’ ಎಂದು ಹಾಕಿದರೆ ಅದು ನಿಮ್ಮನ್ನು ಬೆಂಗಳೂರು ಪಕ್ಕದ ಕೆಂಪೇಗೌಡರ ಮಾಗಡಿಗೆ ಕರೆದೊಯ್ಯಬಹುದು. ಹೆಬ್ಬಾತು (ಬಾರ್-ಹೆಡೆಡ್ ಗೂಸ್ ಎಂಬ ವಲಸೆ ಹಕ್ಕಿ) ಬಂದಿಳಿಯುವ ಮಾಗಡಿ ಇರುವುದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ, ಗದಗದಿಂದ ಲಕ್ಷ್ಮೇಶ್ವರದ ಕಡೆಗೆ ಸುಮಾರು 26 ಕಿ.ಮೀ. ದೂರ. ರೈಲಿನಲ್ಲಿ ಬರುವವರು ಗದಗ ಜಂಕ್ಷನ್‌ನಲ್ಲಿ ಇಳಿಯಬೇಕು. ರಾತ್ರಿ ಗದಗ ಅಥವಾ ಲಕ್ಷ್ಮೇಶ್ವರದಲ್ಲಿ ತಂಗುವುದು ಒಳ್ಳೆಯದು.

2024ರ ಜನವರಿ ಕೊನೆಗೆ ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು, ಅಘನಾಶಿನಿ ಅಳಿವೆಯ ಜೊತೆಗೆ ಈ ಕೆರೆಗೂ ರಾಮ್ಸರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ಮನ್ನಣೆ ಸಿಕ್ಕಿತು. ಹಾಗಂತ ರಂಗನತಿಟ್ಟಿನಂತೆ ದೋಣಿ, ನಡುಗಡ್ಡೆ ಇದ್ದೀತು ಎಂದುಕೊಂಡು ಬರಬೇಡಿ. ಸುಮಾರು 54 ಹೆಕ್ಟೇರಿನ ಬಯಲುಸೀಮೆಯ ಕೆರೆ ಇದು, ಸುತ್ತ ಹೊಲಗಳು.

ನವೆಂಬರ್‌ನಿಂದ ಮಾರ್ಚ್‌ವರೆಗೆ ಹಕ್ಕಿಗಳಿರುತ್ತವೆ. ಡಿಸೆಂಬರ್ ನಡುವಿನಿಂದ ಫೆಬ್ರುವರಿ ಮೊದಲ ವಾರದವರೆಗಿನ ದಿನ ಆರಿಸಿಕೊಂಡರೆ ನಿರಾಸೆಯಾಗುವುದು ಕಡಿಮೆ. ಆದರೆ ತಿಂಗಳಿಗಿಂತ ಹೊತ್ತು ಮುಖ್ಯ. ಹಕ್ಕಿ ನೋಡುವವರ ರೂಢಿಯಂತೆ ಆರು ಗಂಟೆಗೇ ಕೆರೆಯ ಏರಿ ಹತ್ತಿ, ಕೆರೆ ಖಾಲಿಯಿದೆ ಎಂದು ಎಂಟಕ್ಕೆ ತಿಂಡಿಗೆ ಹೋಗುವವರು ಇಲ್ಲಿ ಏಮಾರುತ್ತಾರೆ. ಹೆಬ್ಬಾತಿಗೆ ಕೆರೆಯೆಂದರೆ ಹಗಲು ವಿಶ್ರಾಂತಿಯ ಜಾಗ. ಮೇವು ಇರುವುದು ಹೊಲದಲ್ಲಿ. ಕತ್ತಲಾಗುವ ಹೊತ್ತಿಗೆ ಎದ್ದು ಹೋಗಿ ಶೇಂಗಾ, ಕಡಲೆ, ಗೋಧಿಯ ಎಳೆ ಪೈರು ಮೇಯುತ್ತವೆ, ಬಿಸಿಲೇರುತ್ತಿದ್ದಂತೆ ತಂಡ ತಂಡವಾಗಿ ಮರಳುತ್ತವೆ. ಏಳರಿಂದ ಹತ್ತರವರೆಗೆ ಏರಿ ಬಿಟ್ಟು ಕದಲಬೇಡಿ. ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತವೆ: ಮೂಗಿನಲ್ಲಿ ಕೂಗಿದಂಥ ‘ಆಂಗ್ ಆಂಗ್’ ದನಿ, ಆಮೇಲೆ ಆಕಾಶದಲ್ಲಿ ಹಾರಿ ಬರುವ ತಂಡದ ಓರೆಗೆರೆ. ಹತ್ತೂವರೆಯ ನಂತರ ನೀರಿನ ಮೇಲೆ ಬಿಸಿಗಾಳಿ ನಡುಗತೊಡಗುತ್ತದೆ. ಆಗ ಎಂಥ ದುಬಾರಿ ಲೆನ್ಸ್ ಇದ್ದರೂ ದೂರದ ಹಕ್ಕಿಯ ಗರಿ ಕಲಸಿಹೋಗುತ್ತದೆ. ಕ್ಯಾಮೆರಾ ಕೆಟ್ಟಿತೆಂದು ತಲೆ ಕೆಡಿಸಿಕೊಳ್ಳಬೇಡಿ, ನಾಲ್ಕು ಗಂಟೆಗೆ ಮತ್ತೆ ಬನ್ನಿ.

8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ) ದುರ್ಬೀನು ಸಾಕು. 10×50 ಭಾರಕ್ಕೆ ಕೈ ನಡುಗುತ್ತದೆ. ತಂಡದಲ್ಲಿ ಯಾರಾದರೊಬ್ಬರ ಬಳಿ 20-60 ಪಟ್ಟಿನ ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಿಟ್ಟು ನೋಡುವ ದೂರದರ್ಶಕ) ಮತ್ತು ಗಟ್ಟಿ ಟ್ರೈಪಾಡ್ ಇದ್ದರೆ ಬಾತುಗಳ ನಡುವೆ ಸೂಜಿಬಾಲದ ಬಾತು, ಚಲುಕ ಬಾತು ಬೇರ್ಪಡಿಸುವುದು ಸುಲಭ. ಫೋಟೊಗೆ 400 ಎಂ.ಎಂ.ಗಿಂತ ಕಡಿಮೆ ಲೆನ್ಸ್ ತಂದರೆ ಹಕ್ಕಿ ಚುಕ್ಕೆಯಾಗಿ ಬರುತ್ತದೆ. ಬೆಳಿಗ್ಗೆ ಕೆರೆಯ ಪೂರ್ವದ ಕಡೆ, ಸಂಜೆ ಪಶ್ಚಿಮದ ಕಡೆ ನಿಂತು ಬಿಸಿಲಿಗೆ ಬೆನ್ನು ಕೊಡಿ. ಏರಿಯ ನೆತ್ತಿಯಲ್ಲಿ ನಿಂತರೆ ಆಕಾಶಕ್ಕೆ ಎದುರಾಗಿ ನಿಮ್ಮ ಆಕಾರ ಎದ್ದು ಕಾಣುತ್ತದೆ, ಒಂದು ಗಜ ಇಳಿದು ಕುಳಿತುಬಿಡಿ.

ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕರಿ ಪಟ್ಟೆ, ಕಿತ್ತಳೆ ಕಾಲು, ತುದಿ ಕಪ್ಪಾದ ಹಳದಿ ಕೊಕ್ಕು, ಇದು ಬೆಳೆದ ಹಕ್ಕಿ. ಪಟ್ಟೆಯೇ ಇಲ್ಲದೆ ನೆತ್ತಿ ಕಂದುಬೂದಿಯಾಗಿರುವುದು ಕಂಡರೆ ಬೇರೆ ಜಾತಿ ಎಂದು ಬರೆದುಕೊಳ್ಳಬೇಡಿ. ಅದು ಆ ಬೇಸಿಗೆಯಲ್ಲಿ ಮಂಗೋಲಿಯಾ, ಟಿಬೆಟ್ ಕಡೆ ಹುಟ್ಟಿ ಮೊದಲ ಸಲ ಹಿಮಾಲಯ ದಾಟಿ ಬಂದ ಮರಿ. ಎಣಿಸುವವರು ಮರಿಗಳನ್ನು ಬೇರೆಯಾಗಿ ಬರೆದರೆ ಆ ವರ್ಷದ ಸಂತಾನ ಹೇಗಿತ್ತೆಂಬ ಅಂದಾಜು ಸಿಗುತ್ತದೆ. ಎಣಿಕೆಗೆ ಒಂದು ಉಪಾಯ: ಮೊದಲು ಹತ್ತು ಹಕ್ಕಿ ಎಣಿಸಿ, ಅವು ಹಿಡಿದ ಜಾಗವನ್ನು ಕಣ್ಣಳತೆ ಮಾಡಿಕೊಳ್ಳಿ, ಅದೇ ಅಳತೆಯಲ್ಲಿ ಗುಂಪನ್ನು ತುಂಡು ಮಾಡುತ್ತಾ ಹೋಗಿ. ನೀರಲ್ಲಿ ತೇಲುವಾಗ ಒಂದರ ಹಿಂದೊಂದು ಮರೆಯಾಗುವುದರಿಂದ ಲೆಕ್ಕ ಯಾವಾಗಲೂ ಕಡಿಮೆ ಬರುತ್ತದೆ. ದಡದಲ್ಲಿ ಕೂತಾಗ ಎಣಿಸಿದ್ದು ಹೆಚ್ಚು ನಂಬಿಕೆಗೆ ಅರ್ಹ. ಸಂಶೋಧಕರು ಗುರುತಿಗೆ ಹಾಕಿದ ಕೊರಳಪಟ್ಟಿ ಇರುವ ಹಕ್ಕಿಗಾಗಿ ಪ್ರತಿ ಕುತ್ತಿಗೆಯನ್ನೂ ನೋಡಿ. ಮಂಗೋಲಿಯಾದಲ್ಲಿ ಪಟ್ಟಿ ಹಾಕಿದವು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿಯ ಬಣ್ಣ, ಅಕ್ಷರ, ಅಂಕಿ ಮೂರನ್ನೂ ಬರೆದುಕೊಂಡು ಒಂದು ಫೋಟೊ ಹಿಡಿಯಿರಿ.

ಹತ್ತಿರ ಹೋಗುವ ಆಸೆಗೆ ಮಿತಿ ಹಾಕುವುದು ಹಕ್ಕಿಯ ಕುತ್ತಿಗೆಯೇ. ರೆಕ್ಕೆಯೊಳಗೆ ತಲೆ ಹುದುಗಿಸಿದ್ದರೆ ಸರಿ. ನಾಲ್ಕೈದು ಕುತ್ತಿಗೆ ನೆಟ್ಟಗಾದರೆ ನಿಂತುಬಿಡಿ. ಗುಂಪೇ ನೀರಿನ ಕಡೆ ಹೆಜ್ಜೆ ಹಾಕಿದರೆ ಹಿಂದಕ್ಕೆ ಸರಿಯಿರಿ, ಮುಂದಿನದು ಹಾರಾಟವೇ. ಹಾರುವ ಚಿತ್ರಕ್ಕಾಗಿ ಚಪ್ಪಾಳೆ ತಟ್ಟುವವರು ಇನ್ನೂ ಇದ್ದಾರೆ. ಎದ್ದ ಗುಂಪು ಆ ಹಗಲು ಅಲ್ಲೇ ಮತ್ತೆ ಇಳಿಯುತ್ತದೆಂಬ ಖಾತ್ರಿಯಿಲ್ಲ. ಡ್ರೋನ್ ಮನೆಯಲ್ಲೇ ಇರಲಿ.

ಮೇಯುವುದನ್ನು ನೋಡಬೇಕಿದ್ದರೆ ರಸ್ತೆಯಲ್ಲೇ ಗಾಡಿ ನಿಲ್ಲಿಸಿ, ಒಳಗೆ ಕೂತೇ ನೋಡಿ. ಹಕ್ಕಿಗಳು ಗಾಡಿಗಿಂತ ಮನುಷ್ಯನಿಗೇ ಹೆಚ್ಚು ಹೆದರುತ್ತವೆ. ಬದುವಿನ ಮೇಲೆ ನಡೆಯುವುದಾದರೂ ಹೊಲದವರನ್ನು ಕೇಳಿ. ಬಾತು ಮೇಯುವುದರಿಂದ ನಷ್ಟ ಅನುಭವಿಸುವುದು ಅವರು, ಮೇಲೆ ನಮ್ಮ ಕಾಲ್ತುಳಿತವೂ ಬೇಡ. ಅಕಾಲಿಕ ಮಳೆ ಬಿದ್ದಿದ್ದರೆ ಎರೆ (ಕಪ್ಪುಮಣ್ಣಿನ) ಹೊಲದೊಳಗೆ ಕಾಲಿಡಲೇಬೇಡಿ. ಹತ್ತು ಹೆಜ್ಜೆಗೆ ಬೂಟು ಎರಡು ಕಿಲೋ ತೂಗುತ್ತದೆ, ಬೈಕಿನ ಮಡ್‌ಗಾರ್ಡ್‌ನೊಳಗೆ ಮಣ್ಣು ಕಚ್ಚಿ ಚಕ್ರ ತಿರುಗುವುದೇ ಇಲ್ಲ.

ಹಿಂಗಾರು ಜೋರಾಗಿ ಕೆರೆ ಕೋಡಿ ಬಿದ್ದ ವರ್ಷ ತಿಳಿದಿರಬೇಕಾದ ವಿಷಯ ಒಂದಿದೆ. ನೀರು ಹೆಚ್ಚಾದರೆ ಹೆಬ್ಬಾತು ಕೂರುವ ಬೋಳು ದಡ ಮುಳುಗಿಹೋಗಿ ಗುಂಪುಗಳು ಚದುರುತ್ತವೆ. ಹೊರಡುವ ಮುಂಚೆ ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಆ ವಾರದ ಪಟ್ಟಿ ನೋಡಿಕೊಳ್ಳಿ. ಇಲ್ಲಿ ಸಂಖ್ಯೆ ಕಡಿಮೆಯಿದ್ದರೆ ಇದೇ ಜಿಲ್ಲೆಯ ಶೆಟ್ಟಿಕೇರಿ ಕೆರೆಯನ್ನೂ ಅದೇ ದಿನದ ಓಡಾಟಕ್ಕೆ ಸೇರಿಸಿಕೊಳ್ಳಿ. ಅಲ್ಲಿಗೂ ಹೆಬ್ಬಾತು ಬರುತ್ತವೆ, ಆದರೆ ನೀರು, ತಿನಿಸು ಕಟ್ಟಿಕೊಂಡೇ ಹೋಗಬೇಕು.